ಕೆಂಪು ಕಂಡವರು

ಪ್ರಕರಣ ಸಣ್ಣದು. ಕಣದಲ್ಲಿ ಭತ್ತ ತೂರುತ್ತಿದ್ದ ಕೂಲಿ ಹೆಂಗಸೊಬ್ಬಳ ಬಲಗಣ್ಣಿಗೆ ಸುಂಕು ಬಿತ್ತು. ತಿಂಗಳು ತುಂಬುವುದರೊಳಗೆ, ಆ ಕಣ್ಣಿನ ಮುಂದೆ ಹಿಡಿದ ಬೆರಳು ಎರಡೋ ಮೂರೋ ಎಂದು ಹೇಳಲಾರದ ಸ್ಥಿತಿಗೆ ಬಂದಳು. ನಡುವೆ ಐದು ಜನ ಆಕೆಗೆ ನೆರವಾದರು. ಐವರಲ್ಲಿ ಕೆಟ್ಟವರು ಒಬ್ಬರೂ ಇಲ್ಲ. ಇದ್ದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ, ಪೊಲೀಸರು ಬರೆದುಕೊಳ್ಳುತ್ತಿದ್ದರು.

ಇದು ಒಬ್ಬಳದೇ ಕತೆಯಲ್ಲವೆಂದು ಮೊದಲೇ ಹೇಳಿಬಿಡುವುದು ಒಳ್ಳೆಯದು. ಹಲವರ ಪಾಡನ್ನು ಒಬ್ಬಳ ಮೇಲೆ ಹೊರಿಸಿ, ಊರನ್ನು ಮಂಡ್ಯ ಸೀಮೆಯ ನಾಲೆ ಬಯಲಿನಲ್ಲಿ ಇಟ್ಟಿದ್ದೇನೆ. ಆದರೆ ಇದರ ಒಂದೊಂದು ಹೆಜ್ಜೆಯೂ ಸುಗ್ಗಿಯ ವಾರಗಳಲ್ಲಿ ಕಣ್ಣಿನ ವಿಭಾಗದಲ್ಲಿ ಕೂತು ರೋಗಿಗಳನ್ನು ನೋಡಿದ ಯಾವ ವೈದ್ಯರಿಗೂ ಹೊಸದಲ್ಲ.

ಸುಂಕು ಬಿದ್ದ ಕೂಡಲೇ ಪಕ್ಕದಲ್ಲಿ ಮೊರ ಹಿಡಿದಿದ್ದವಳು ಓಡಿಬಂದಳು. ರೆಪ್ಪೆ ಎತ್ತಿ ಹಿಡಿದು, ಸೆರಗಿನ ತುದಿಯನ್ನು ಸುರುಳಿ ಮಾಡಿ ಕಸ ತೆಗೆದಳು. ಆಮೇಲೆ ಅದೇ ಸೆರಗನ್ನು ಉಂಡೆ ಮಾಡಿ, ಬಾಯಿಂದ ಊದಿ ಬೆಚ್ಚಗೆ ಕಣ್ಣಿಗೆ ಒತ್ತಿದಳು. ಬೆಳಗಿನಿಂದ ಧೂಳು ಕುಡಿದಿದ್ದ ಸೆರಗು ಅದು. ಸಂಜೆ ಮನೆಯಲ್ಲಿ ಅತ್ತೆ ನೋಡಿ, ಪಕ್ಕದ ಮನೆಯ ಬಾಣಂತಿಯಿಂದ ಎದೆಹಾಲು ಕೇಳಿ ತಂದು ಎರಡು ಹನಿ ಬಿಟ್ಟರು. ಎದೆಹಾಲಿನಲ್ಲಿ ಕೂಸಿಗೆ ರೋಗನಿರೋಧಕ ಗುಣಗಳಿವೆ ಎನ್ನುವುದು ನಿಜ. ಗೀರಿದ ಕಣ್ಣಿಗೆ ಅದು ಮದ್ದಲ್ಲ ಎನ್ನುವುದೂ ನಿಜ. ಬೇರೆ ಊರಾಗಿದ್ದರೆ ಹರಳೆಣ್ಣೆ ಬಿಡುತ್ತಿದ್ದರು, ಇಲ್ಲವೇ ಯಾವುದಾದರೂ ಸೊಪ್ಪಿನ ರಸ. ಕಸವನ್ನು ನಾಲಿಗೆಯಿಂದಲೇ ತೆಗೆಯುವ ಅಜ್ಜಿಯರೂ ನಮ್ಮ ಹಳ್ಳಿಗಳಲ್ಲಿ ಇದ್ದರು, ಇನ್ನೂ ಪೂರ್ತಿ ಹೋಗಿಲ್ಲ.

ಬೆಳಗ್ಗೆ ಕಣ್ಣು ಕೆಂಡದಂತಾಗಿತ್ತು. ಆಕೆ ಕೂಲಿಗೆ ಹೋದಳು. ಗಂಡ ಪೇಟೆಗೆ ಹೋದವನು ಮೆಡಿಕಲ್ ಸ್ಟೋರಿನಲ್ಲಿ ನಿಂತ.

"ನಮ್ಮವ್ಳಿಗೆ ಕಣ್ಣು ಕೆಂಪಗಾಗ್ಬುಟ್ಟದೆ ಕಣಣ್ಣ, ಒಂದು ಡ್ರಾಪ್ಸ್ ಕೊಡು."

"ಮದ್ರಾಸ್ ಐ ಇರ್ಬೇಕು. ದಿನಕ್ಕೆ ನಾಕ್ ಸಲ ಬಿಡು, ಮೂರು ದಿನಕ್ಕೆ ಸರಿಹೋಯ್ತದೆ."

ಅಲ್ಲಿ ಕಣ್ಣು ಇರಲಿಲ್ಲ, ಕಣ್ಣಿನ ಒಡತಿಯೂ ಇರಲಿಲ್ಲ. ಗಂಡನ ಬಾಯಿಯ ಮೂಲಕ ಒಂದು ಬಣ್ಣ ಮಾತ್ರ ಅಂಗಡಿಗೆ ಬಂದಿತ್ತು. ಅಂಗಡಿಯವನು ಆ ಬಣ್ಣಕ್ಕೆ ಔಷಧಿ ಕೊಟ್ಟ. ಕೊಟ್ಟದ್ದು ಕ್ಲೋರಾಂಫೆನಿಕಾಲ್ ಜೊತೆಗೆ ಡೆಕ್ಸಾಮೆಥಾಸೋನ್ ಬೆರೆಸಿದ ಹನಿ. ಮೊದಲನೆಯದು ಆಂಟಿಬಯಾಟಿಕ್, ಎರಡನೆಯದು ಸ್ಟಿರಾಯ್ಡ್. ವೈದ್ಯರ ಚೀಟಿ ಇಲ್ಲದೆ ಮಾರಕೂಡದು ಎಂದು ಡಬ್ಬಿಯ ಮೇಲೆ ಅಚ್ಚಾಗಿತ್ತು. ಅದನ್ನು ಅಂಗಡಿಯವನೂ ಓದಲಿಲ್ಲ, ಗಂಡನೂ ಓದಲಿಲ್ಲ. ಓದುವ ಗಿರಾಕಿಯನ್ನು ಯಾವ ಮೆಡಿಕಲ್ಲಿನಲ್ಲಾದರೂ ಯಾರಾದರೂ ಕಂಡಿದ್ದರೆ ಹೇಳಲಿ.

ಮೂರನೆಯ ದಿನಕ್ಕೆ ಕೆಂಪು ಇಳಿಯಿತು. ಅತ್ತೆ, ಗಂಡ, ಕಣದ ಗೆಳತಿ ಎಲ್ಲರೂ ನೋಡಿ "ಈಗ ವಾಸಿ" ಎಂದರು. ಆಕೆ ಮಾತ್ರ ಒಂದು ಮಾತು ಹೇಳಿದಳು: ಎದುರಿಗೆ ಹೊಗೆ ಹಾಕಿದ ಹಾಗೆ ಇದೆ. "ಕೆಂಪೇ ಹೋಯ್ತಲ್ಲ, ಅದೂ ಹೋಯ್ತದೆ ಬಿಡು" ಎಂದು ಅತ್ತೆ ಸಮಾಧಾನ ಮಾಡಿದರು. ಆಕೆಗೂ ಅದು ಸರಿ ಎನಿಸಿತು. ಎರಡೂ ಕಣ್ಣು ತೆರೆದು ಓಡಾಡುವವರಿಗೆ ಒಂದು ಕಣ್ಣು ಎಷ್ಟು ಮಂಜಾಗಿದೆ ಎಂಬುದು ತಿಳಿಯುವುದಿಲ್ಲ. ಇನ್ನೊಂದು ಕಣ್ಣು ಕೆಲಸ ನಡೆಸಿಕೊಂಡು ಹೋಗುತ್ತದೆ. ಒಂದು ದಿನ ಎಡಗಣ್ಣನ್ನು ಒರೆಸಿಕೊಳ್ಳುವಾಗ, ಒಲೆಯ ಮುಂದೆ ಕೂತಿದ್ದ ಮಗಳ ಮುಖ ತನಗೆ ಕಾಣುತ್ತಿಲ್ಲ ಎಂಬುದು ಆಕೆಗೆ ಗೊತ್ತಾಯಿತು.

ಆಮೇಲಿನದು ಬೇಗ ಹೇಳಿ ಮುಗಿಸಬಹುದು. ಒಂದು ರಾತ್ರಿ ತಡೆಯಲಾರದ ನೋವು. ಬೆಳಗ್ಗೆ ಪೇಟೆಯ ಕ್ಲಿನಿಕ್ಕು. ಡಾಕ್ಟರು ಕಣ್ಣಿನವರಲ್ಲ, ಒಂದು ಇಂಜೆಕ್ಷನ್ನು, ನೋವಿನ ಮಾತ್ರೆ, ಇನ್ನೊಂದು ಹನಿ ಬರೆದು "ಕಡಿಮೆ ಆಗದಿದ್ದರೆ ದೊಡ್ಡಾಸ್ಪತ್ರೆಗೆ ಹೋಗಿ" ಎಂದರು. ಕೂಲಿಯ ದುಡ್ಡು ಕೈಗೆ ಬರುವ ತನಕ ದೊಡ್ಡಾಸ್ಪತ್ರೆಗೆ ಹೋಗಲಾಗಲಿಲ್ಲ. ಹೋದಾಗ ಸ್ಲಿಟ್ ಲ್ಯಾಂಪಿನ ಬೆಳಕಿನಲ್ಲಿ ಕಂಡದ್ದು ಕರಿಗುಡ್ಡೆಯ ಮೇಲಿನ ಪಾರದರ್ಶಕ ಪದರವಾದ ಕಾರ್ನಿಯಾದ ನಡುಮಧ್ಯೆ, ಪಾಪೆಯ ನೇರ ಎದುರಿಗೆ, ಅಂಚು ಗರಿಯಂತೆ ಹರಡಿದ್ದ ಬಿಳಿ ಹುಣ್ಣು. ಅದನ್ನು ಕೆರೆದು ಗಾಜಿನ ಮೇಲಿಟ್ಟು ನೋಡಿದರೆ ಬೂಷ್ಟಿನ ಎಳೆಗಳು. ಫ್ಯುಸೇರಿಯಂ, ಆಸ್ಪರ್ಜಿಲಸ್ ಎಂಬ ಈ ಶಿಲೀಂಧ್ರಗಳು ಮಣ್ಣಿನಲ್ಲಿ, ಹುಲ್ಲಿನಲ್ಲಿ, ಹೊಟ್ಟಿನಲ್ಲಿ ಎಲ್ಲೆಲ್ಲೂ ಇರುತ್ತವೆ. ಗೀರು ಬಿದ್ದ ಕಾರ್ನಿಯಾ ಸಿಕ್ಕರೆ ಒಳಗೆ ಬೇರೂರುತ್ತವೆ. ದಕ್ಷಿಣ ಭಾರತದ ಹೊಲಗೆಲಸದವರಲ್ಲಿ ಕಣ್ಣಿನ ಹುಣ್ಣು ಇಷ್ಟು ಹೆಚ್ಚಾಗಿರುವುದಕ್ಕೆ ಭತ್ತದ ಸುಂಕು, ಕಬ್ಬಿನ ಗರಿ, ದನದ ಬಾಲ, ಮುಳ್ಳುಕಡ್ಡಿಗಳೇ ದೊಡ್ಡ ಕಾರಣ.

ಶೇಕಡಾ 5ರ ನ್ಯಾಟಮೈಸಿನ್ ಹನಿಯನ್ನು ಗಂಟೆಗೊಮ್ಮೆ, ರಾತ್ರಿಯೂ ಎಬ್ಬಿಸಿ ಬಿಟ್ಟರು. ಇದು ಹಳೆಯ ಔಷಧಿ. ವೊರಿಕೊನಜೋಲ್ ಎಂಬ ಹೊಸ ಔಷಧಿಯ ಜೊತೆ ಇದನ್ನು ಹೋಲಿಸಿ ನೋಡಿದ ದೊಡ್ಡ ಪ್ರಯೋಗ ತಮಿಳುನಾಡಿನ ಅರವಿಂದ ಕಣ್ಣಿನ ಆಸ್ಪತ್ರೆಗಳಲ್ಲೇ ನಡೆದು, 2013ರಲ್ಲಿ ಫಲಿತಾಂಶ ಬಂದಾಗ ಹಳೆಯದೇ ಮೇಲು ಎಂದಾಯಿತು, ಅದರಲ್ಲೂ ಫ್ಯುಸೇರಿಯಂ ಹುಣ್ಣಿಗೆ. ಆಕೆಯ ಹುಣ್ಣೂ ಕೊನೆಗೆ ಮಾಯಿತು. ಮಾಯ್ದ ಜಾಗದಲ್ಲಿ ಬಿಳಿ ಕಲೆ ಉಳಿಯಿತು. ಊರಿನವರು ಅದನ್ನು ನೋಡಿ "ಕಣ್ಣಲ್ಲಿ ಹೂ ಬಿದ್ದದೆ" ಎನ್ನುತ್ತಾರೆ.

ಈಗ ವಿಚಾರಣೆ. ಯಾರ ತಪ್ಪು?

ಎಲ್ಲರ ಬೆರಳು ಮೊದಲು ಅಂಗಡಿಯವನ ಕಡೆ ಹೋಗುತ್ತದೆ. ಹೋಗಲಿ. ಆದರೆ ಅವನ ಜಾಗದಲ್ಲಿ ಒಂದು ಗಳಿಗೆ ನಿಂತು ನೋಡಬೇಕು. ಅವನು ಮದ್ರಾಸ್ ಐ ಎಂದದ್ದು ಕುರುಡು ಊಹೆಯಲ್ಲ. ಕೆಂಪಾದ ಕಣ್ಣುಗಳಲ್ಲಿ ಹೆಚ್ಚಿನವು ಅವೇ: ಅಡಿನೋವೈರಸ್ ಮುಂತಾದವು ಬಿಳಿಗುಡ್ಡೆಯ ಮೇಲಿನ ತೆಳುಪೊರೆಗೆ ತಗಲಿ ಬರುವ ಬೇನೆ. 1819ರಲ್ಲಿ ಶುರುವಾದ ಮದ್ರಾಸಿನ ಕಣ್ಣಾಸ್ಪತ್ರೆಯಲ್ಲಿ 1918ರ ಸುಮಾರಿಗೆ ಗುರುತಿಸಿದ ಕಾರಣಕ್ಕೆ ಆ ಊರಿನ ಹೆಸರು ಅಂಟಿಕೊಂಡಿತು. 2023ರ ಮಳೆಗಾಲದಲ್ಲಿ ಕರ್ನಾಟಕದ ಶಾಲೆಗಳು, ಹಾಸ್ಟೆಲುಗಳು ಈ ಬೇನೆಯಿಂದ ತುಂಬಿದ್ದು ಓದುಗರಿಗೆ ನೆನಪಿರಬಹುದು. ಕಣ್ಣಲ್ಲಿ ಮರಳು ಬಿದ್ದಂತೆ ಚುಚ್ಚುತ್ತದೆ, ನೀರು ಸುರಿಯುತ್ತದೆ, ಬೆಳಗ್ಗೆ ಪಿಚ್ಚು ಕಟ್ಟಿ ರೆಪ್ಪೆ ಅಂಟಿರುತ್ತದೆ, ಒಂದು ಕಣ್ಣಿನಿಂದ ಇನ್ನೊಂದಕ್ಕೆ ದಾಟುತ್ತದೆ. ನೋಡಿದರೆ ಹರಡುತ್ತದೆ ಎಂಬ ನಂಬಿಕೆ ಸುಳ್ಳು. ಹರಡುವುದು ಕೈ, ಟವಲ್ಲು, ದಿಂಬುಗಳಿಂದ. ವೈರಸ್ಸಿನದಾದರೆ ಆಂಟಿಬಯಾಟಿಕ್‌ನಿಂದ ಏನೂ ಆಗುವುದಿಲ್ಲ. ತಣ್ಣೀರು ಬಟ್ಟೆ ಇಟ್ಟುಕೊಂಡು, ಕೈ ತೊಳೆದುಕೊಂಡು, ಕಣ್ಣುಜ್ಜದೆ ಇದ್ದರೆ ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ತಾನಾಗಿಯೇ ಹೋಗುತ್ತದೆ.

ಅಂಗಡಿಯವನ ಪಾಂಡಿತ್ಯ ಹುಟ್ಟಿದ್ದು ಇಲ್ಲಿ. ತಾನಾಗಿಯೇ ಹೋಗುವ ಬೇನೆಗೆ ಅವನು ವರ್ಷಗಟ್ಟಲೆ ಹನಿ ಕೊಟ್ಟ. ಹೋದದ್ದರ ಹೆಸರು ಹನಿಗೆ ಬಂತು, ಹನಿಯಿಂದ ಅವನಿಗೆ ಬಂತು. ವಾಸಿಯಾದವರು ಮತ್ತೆ ಬಂದು "ನಿಮ್ಮ ಡ್ರಾಪ್ಸಿಂದ ಸರಿಹೋಯ್ತು" ಎಂದು ಹೇಳಿಹೋದರು. ವಾಸಿಯಾಗದವರು ಅವನ ಅಂಗಡಿಗೆ ತಿರುಗಿ ಬರಲಿಲ್ಲ. ಮೈಸೂರಿಗೆ ಹೋದರು, ಬೆಂಗಳೂರಿನ ಮಿಂಟೋ ಆಸ್ಪತ್ರೆಗೆ ಹೋದರು. ಅವರ ಸುದ್ದಿ ಅವನ ಕಿವಿಗೆ ಬೀಳಲಿಲ್ಲ. ಹೀಗೆ ಪ್ರಾಮಾಣಿಕ ಅನುಭವದಿಂದಲೇ ಅವನು ತಪ್ಪು ಕಲಿತ. ಲಾಭಕ್ಕಾಗಿ ಮಾಡಿದ ಎನ್ನುವವರು ಆ ಹನಿಯಲ್ಲಿ ಅವನಿಗೆ ಉಳಿಯುವ ಚಿಲ್ಲರೆಯನ್ನು ಲೆಕ್ಕ ಹಾಕಲಿ. ಅದಕ್ಕಿಂತ ದೊಡ್ಡ ಆಸೆ ಅವನಲ್ಲಿತ್ತು. ಊರಿನವರಿಗೆ ಡಾಕ್ಟರ ಫೀಸು ಉಳಿಸಿಕೊಟ್ಟವನು ಎಂಬ ಮರ್ಯಾದೆಯ ಆಸೆ. ಆ ಆಸೆ ಕೆಟ್ಟದ್ದೆಂದು ಹೇಳಲು ನನಗೆ ಬಾಯಿ ಬರುವುದಿಲ್ಲ.

ಆದರೂ ಅವನು ಕೊಟ್ಟದ್ದು ಏನು ಮಾಡಿತು ಎನ್ನುವುದನ್ನು ನೋಡಲೇಬೇಕು. ಕಾರ್ನಿಯಾದಲ್ಲಿ ರಕ್ತನಾಳಗಳಿಲ್ಲ, ಬೆಳಕು ದಾಟಬೇಕಾದ ಜಾಗ ಅದು. ಅಲ್ಲಿ ಗಾಯವಾದರೆ, ಸೋಂಕು ತಗಲಿದರೆ, ಸುತ್ತಲಿನ ಬಿಳಿಗುಡ್ಡೆಯ ಕೂದಲೆಳೆಯ ನಾಳಗಳು ಹಿಗ್ಗುತ್ತವೆ, ರೋಗದ ಜೊತೆ ಹೋರಾಡುವ ಕಣಗಳು ರಕ್ತದೊಂದಿಗೆ ಅಲ್ಲಿಗೆ ಬರುತ್ತವೆ. ಹೊರಗಿನವರಿಗೆ ಕಾಣುವ ಕೆಂಪು ಈ ಓಡಾಟವೇ. ಸ್ಟಿರಾಯ್ಡ್ ಈ ಓಡಾಟವನ್ನು ನಿಲ್ಲಿಸುತ್ತದೆ. ನಾಳಗಳು ಕುಗ್ಗುತ್ತವೆ, ಊತ ಇಳಿಯುತ್ತದೆ, ಮೊದಮೊದಲು ನೋವೂ ಇಳಿಯುತ್ತದೆ. ಜೊತೆಗಿದ್ದ ಕ್ಲೋರಾಂಫೆನಿಕಾಲ್ ಬ್ಯಾಕ್ಟೀರಿಯಾಕ್ಕೆ ಮದ್ದೇ ಹೊರತು ಬೂಷ್ಟಿಗೆ ಅಲ್ಲ. ಕಾವಲು ಎದ್ದುಹೋದ ಕಣ್ಣಿನಲ್ಲಿ ಬೂಷ್ಟು ಹತ್ತು ದಿನ ನಿರಾತಂಕವಾಗಿ ಒಳಕ್ಕಿಳಿಯಿತು, ಮನೆಯವರೆಲ್ಲ ಕಣ್ಣು ಬೆಳ್ಳಗಾದದ್ದನ್ನು ನೋಡಿ ಸಂತೋಷಪಡುತ್ತಿರುವಾಗಲೇ. ಹರ್ಪಿಸ್ ವೈರಸ್ಸಿನ ಹುಣ್ಣಿಗೂ ಈ ಹನಿ ಇದೇ ಕೇಡು ಮಾಡುತ್ತದೆ.

ಐವರೂ ಮಾಡಿದ್ದನ್ನು ಸಾಲಾಗಿ ಇಟ್ಟುಕೊಂಡರೆ ನನಗೆ ಎದ್ದು ಕಾಣುವುದು ಒಂದೇ ಸಂಗತಿ. ಐವರೂ ಆಕೆಯ ಕಣ್ಣನ್ನು ನೋಡಿದರು, ಅಥವಾ ಅದರ ಬಣ್ಣದ ಸುದ್ದಿ ಕೇಳಿದರು. ಆ ಕಣ್ಣಿನಿಂದ ಆಕೆಗೆ ಏನು ಕಾಣುತ್ತಿದೆ ಎಂದು ಒಬ್ಬರೂ ಕೇಳಲಿಲ್ಲ. ತಾನಾಗಿ ಹೊಗೆಯ ಮಾತು ತೆಗೆದಾಗಲೂ ಅದಕ್ಕೆ ಬೆಲೆ ಬರಲಿಲ್ಲ. ಹೊಗೆ ಕಾಣುತ್ತಿದ್ದದ್ದು ಆಕೆಯೊಬ್ಬಳಿಗೆ, ಕೆಂಪು ಕಾಣುತ್ತಿದ್ದದ್ದು ಎಲ್ಲರಿಗೂ. ಬಹುಮತ ಕೆಂಪಿನ ಕಡೆಗಿತ್ತು.

ಕಣ್ಣಿನ ವೈದ್ಯರು ಕೆಂಗಣ್ಣಿನವರನ್ನು ಮೊದಲು ಕೇಳುವುದು ಇದನ್ನೇ: ಮೊದಲಿನಷ್ಟು ಕಾಣುತ್ತದಾ? ಒಳಗಿಂದ ನೋವಿದೆಯಾ? ಬೆಳಕು ನೋಡಲು ಆಗುತ್ತದಾ? ಮದ್ರಾಸ್ ಐ ಬಂದವನು ಪಿಚ್ಚು ಒರೆಸಿಕೊಂಡು ಗೋಡೆಯ ಕ್ಯಾಲೆಂಡರಿನ ತಾರೀಖು ಸಾಮಾನ್ಯವಾಗಿ ಓದಿಬಿಡುತ್ತಾನೆ. ಓದಲಾಗದಿದ್ದರೆ, ಒಳನೋವಿದ್ದರೆ, ಬೆಳಕು ಚುಚ್ಚಿದರೆ, ಕರಿಗುಡ್ಡೆಯ ಸುತ್ತ ಬಳೆಯಂತೆ ಕೆಂಪಿದ್ದರೆ, ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕೆ ಕಂಡರೆ, ಕಾಂಟ್ಯಾಕ್ಟ್ ಲೆನ್ಸ್ ಹಾಕುವವರಾಗಿದ್ದರೆ, ಆವತ್ತೇ ಕಣ್ಣಿನ ಡಾಕ್ಟರನ್ನು ಕಾಣಬೇಕು. ಒಳ್ಳೆಯ ಕಣ್ಣನ್ನು ಅಂಗೈಯಿಂದ ಮುಚ್ಚಿ ಕೆಂಪು ಕಣ್ಣಿನಿಂದ ಕ್ಯಾಲೆಂಡರ್ ಓದಿಸುವ ಈ ಪರೀಕ್ಷೆಗೆ ಕಾಸು ಬೇಡ, ಕಾಲೇಜೂ ಬೇಡ.

ಬಣ್ಣದ ಗಾಢತೆಯನ್ನು ನಂಬಿದರೆ ಮೋಸ ಹೋಗುತ್ತೇವೆ ಎಂಬುದಕ್ಕೆ ಇನ್ನೆರಡು ಕಣ್ಣುಗಳನ್ನು ಹೇಳುತ್ತೇನೆ. ಒಬ್ಬ ಮುದುಕರು ಜೋರಾಗಿ ಕೆಮ್ಮಿ ಮಲಗಿದರು. ಬೆಳಗ್ಗೆದ್ದಾಗ ಬಿಳಿಗುಡ್ಡೆಯ ಅರ್ಧ ಭಾಗ ರಕ್ತ ಬಳಿದಂತೆ. ನೋಡಿದವರು ಚೀರಿದರು. ನೋವಿಲ್ಲ, ಚೆನ್ನಾಗಿ ಕಾಣುತ್ತದೆ. ತೆಳುಪೊರೆಯ ಕೆಳಗೆ ಒಂದು ಸಣ್ಣ ನಾಳ ಒಡೆದು ರಕ್ತ ಹರಡಿದೆ, ಅಷ್ಟೆ. ಬಿಪಿ ನೋಡಿಸಿಕೊಂಡು, ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ಡಾಕ್ಟರಿಗೆ ಹೇಳಿ ಸುಮ್ಮನಿದ್ದರೆ ಎರಡು ವಾರದಲ್ಲಿ ಕರಗುತ್ತದೆ. ಇನ್ನೊಬ್ಬರು ಐವತ್ತು ದಾಟಿದ ಹೆಂಗಸು. ಕಣ್ಣು ಅಷ್ಟೇನೂ ಕೆಂಪಿಲ್ಲ, ಆದರೆ ಒಂದು ಪಕ್ಕದ ತಲೆನೋವು, ವಾಂತಿ, ಬಲ್ಬಿನ ಸುತ್ತ ಕಾಮನಬಿಲ್ಲು. ಮನೆಯವರು ಪಿತ್ತ ಎಂದು ಶುಂಠಿ ಕಷಾಯ ಕೊಟ್ಟರು. ಅದು ಕಣ್ಣಿನೊಳಗಿನ ನೀರು ಹೊರಹೋಗುವ ದಾರಿ ಒಮ್ಮೆಗೇ ಕಟ್ಟಿಕೊಂಡು ಒತ್ತಡ ಏರಿದ ಗ್ಲಾಕೋಮಾ. ಸಾಮಾನ್ಯವಾಗಿ 21ರೊಳಗೆ ಇರುವ ಒತ್ತಡ ಇಂಥ ಹೊತ್ತಿನಲ್ಲಿ 40, 50 ದಾಟುತ್ತದೆ. ಗಂಟೆಗಳ ಲೆಕ್ಕದಲ್ಲಿ ನರ ಸಾಯುತ್ತದೆ. ಮೊದಲನೆಯವರನ್ನು ಆಂಬುಲೆನ್ಸಿನಲ್ಲಿ ಒಯ್ದರು, ಎರಡನೆಯವರನ್ನು ಮಲಗಲು ಹೇಳಿದರು.

ಕೆಂಗಣ್ಣು ನೋಡುವವನಿಗೆ ತೊಂದರೆ ಕೊಡುತ್ತದೆ. ಕಣ್ಣು ಕೆಂಪಗಿದ್ದವನನ್ನು ಕಂಡರೆ ಕುಡಿದಿದ್ದಾನೆ ಎನ್ನುತ್ತೇವೆ, ಅತ್ತಿದ್ದಾನೆ ಎನ್ನುತ್ತೇವೆ, ಸಿಟ್ಟಿನಲ್ಲಿದ್ದಾನೆ ಎನ್ನುತ್ತೇವೆ. ರಾತ್ರಿ ಬಸ್ಸಿನ ಡ್ರೈವರು, ಕಂಪ್ಯೂಟರಿನ ಮುಂದೆ ರೆಪ್ಪೆ ಬಡಿಯುವುದನ್ನೇ ಮರೆತು ಕಣ್ಣೊಣಗಿಸಿಕೊಂಡ ಹುಡುಗಿ, ವೆಲ್ಡಿಂಗ್ ಅಂಗಡಿಯ ಹುಡುಗ ಇವರಿಗೆಲ್ಲ ರೋಗಕ್ಕಿಂತ ಮೊದಲು ಜನರ ನೋಟ ತಾಗುತ್ತದೆ. ಈ ನೋಟಕ್ಕೆಂದೇ ಒಂದು ಔಷಧಿವರ್ಗ ಇದೆ. ನ್ಯಾಫಜೋಲಿನ್‌ನಂಥ ಹನಿಗಳು ನಾಳಗಳನ್ನು ಬಿಗಿಹಿಡಿದು ಕಣ್ಣನ್ನು ಬೆಳ್ಳಗೆ ಮಾಡುತ್ತವೆ. ಪ್ರಭಾವ ಇಳಿದ ಮೇಲೆ ನಾಳಗಳು ಮೊದಲಿಗಿಂತ ಹೆಚ್ಚು ಹಿಗ್ಗಬಹುದು, ಮತ್ತೆ ಹನಿ ಬೇಕೆನಿಸುತ್ತದೆ. ಆ ಹನಿ ಯಾರ ಕಣ್ಣಿಗೆ ಹಿತ ಎಂದು ಕೇಳಿದರೆ, ಎದುರಿಗಿದ್ದವರ ಕಣ್ಣಿಗೆ ಎನ್ನಬೇಕಾಗುತ್ತದೆ. ಕಣ್ಣೊಣಗಿದವರಿಗೆ ಬೇಕಾದದ್ದು ವಿಶ್ರಾಂತಿ, ರೆಪ್ಪೆ ಬಡಿತ, ಅವಶ್ಯವಿದ್ದರೆ ಕೃತಕ ಕಣ್ಣೀರು.

ಕೃತಕ ಕಣ್ಣೀರು ನೀರಿನಷ್ಟೇ ನಿರಪಾಯ ಎಂದುಕೊಂಡವರಿಗೆ 2023ರಲ್ಲಿ ಒಂದು ಪೆಟ್ಟು ಬಿತ್ತು. ತಮಿಳುನಾಡಿನಲ್ಲಿ ತಯಾರಾಗಿ ಅಮೆರಿಕದಲ್ಲಿ ಮಾರಾಟವಾದ ಅಂಥ ಹನಿಯ ಜೊತೆ ತಳುಕು ಹಾಕಿಕೊಂಡ ಸ್ಯೂಡೋಮೊನಾಸ್ ಸೋಂಕು ಅಲ್ಲಿನ 18 ರಾಜ್ಯಗಳ 81 ಜನರಲ್ಲಿ ಪತ್ತೆಯಾಯಿತು. ನಾಲ್ವರು ಸತ್ತರು, 14 ಜನ ದೃಷ್ಟಿ ಕಳೆದುಕೊಂಡರು, ನಾಲ್ವರ ಕಣ್ಣುಗುಡ್ಡೆಯನ್ನೇ ತೆಗೆಯಬೇಕಾಯಿತು. ಬಳಸಿದ ಬಾಟಲಿಗಳಲ್ಲಿ ಬ್ಯಾಕ್ಟೀರಿಯಾ ಸಿಕ್ಕಿತೆಂದು ಅಲ್ಲಿನವರು ಹೇಳಿದರು, ತಾವು ಪರೀಕ್ಷಿಸಿದ ಮಾದರಿಗಳಲ್ಲಿ ದೋಷವಿಲ್ಲವೆಂದು ಇಲ್ಲಿನವರು ಹೇಳಿದರು. ನನಗೆ ಇದರಲ್ಲಿ ಬೇಕಾದದ್ದು ಇಷ್ಟೇ: "ಹನಿ ತಾನೇ, ಏನಾಗುತ್ತೆ" ಎಂಬ ಮಾತನ್ನು ಓದುಬರಹ ಇಲ್ಲದವರ ತಲೆಗೆ ಕಟ್ಟುವಂತಿಲ್ಲ.

ಮಕ್ಕಳದು ಇನ್ನೂ ಬೇರೆ. ಬೇಸಿಗೆ ಬಂತೆಂದರೆ ಕಣ್ಣು ಕೆಂಪಗೆ ಮಾಡಿಕೊಂಡು ಉಜ್ಜುತ್ತಲೇ ಇರುವ ಹುಡುಗರನ್ನು ಎಲ್ಲ ಊರಿನಲ್ಲೂ ನೋಡುತ್ತೇವೆ. ಧೂಳು, ಬಿಸಿಲಿಗೆ ಕೆರಳುವ ಅಲರ್ಜಿ ಅದು, ದೊಡ್ಡವರಾಗುತ್ತಾ ಸಾಮಾನ್ಯವಾಗಿ ಹೋಗುತ್ತದೆ. ಒಬ್ಬ ತಾಯಿ ಮಗನನ್ನು ಕಣ್ಣಿನ ಡಾಕ್ಟರ ಹತ್ತಿರವೇ ಕರೆದೊಯ್ದಳು. ಅವರು ಎರಡು ವಾರಕ್ಕೆಂದು ಸ್ಟಿರಾಯ್ಡ್ ಹನಿ ಬರೆದರು. ಸರಿಯಾಗಿಯೇ ಬರೆದರು. ಚೀಟಿ ತಾಯಿಯ ಟ್ರಂಕಿನಲ್ಲಿ ಉಳಿಯಿತು. ಪ್ರತಿ ಬೇಸಿಗೆ ಅದೇ ಚೀಟಿ, ಅದೇ ಹನಿ, ಅದೇ ಶ್ರದ್ಧೆ. ಒಂದು ಹೊತ್ತೂ ತಪ್ಪಿಸಲಿಲ್ಲ. ಸ್ಟಿರಾಯ್ಡ್ ಹನಿಯನ್ನು ವಾರಗಟ್ಟಲೆ ಬಿಟ್ಟರೆ ಹಲವರಲ್ಲಿ ಕಣ್ಣಿನ ಒತ್ತಡ ಏರುತ್ತದೆ, ನೋವಿಲ್ಲದೆ, ಕೆಂಪಿಲ್ಲದೆ. ಶಾಲೆಯಲ್ಲಿ ಪಕ್ಕದಿಂದ ಬಂದ ಚೆಂಡು ಹುಡುಗನಿಗೆ ಕಾಣದಾದಾಗ ನರ ಬಹುಪಾಲು ಹೋಗಿತ್ತು. ಅದು ತಿರುಗಿ ಬರುವುದಿಲ್ಲ. ಈ ತಾಯಿಯನ್ನು ಯಾವ ನ್ಯಾಯಾಧೀಶ ಕಟಕಟೆಯಲ್ಲಿ ನಿಲ್ಲಿಸುತ್ತಾನೆ? ಅಸಡ್ಡೆಯ ತಾಯಿಯಾಗಿದ್ದರೆ ಹುಡುಗನ ಕಣ್ಣು ಉಳಿಯುತ್ತಿತ್ತೋ ಏನೋ.

ಹಾಗಾದರೆ ಮನೆಯವರು, ನೆರೆಯವರು ಕೈಕಟ್ಟಿ ಕೂತು ಡಾಕ್ಟರಿಗೆ ಕಾಯಬೇಕೇ ಎಂದರೆ, ಎಲ್ಲ ಕಡೆಯೂ ಅಲ್ಲ. ಎಲೆ ಅಡಿಕೆಯ ಸುಣ್ಣದ ಪೊಟ್ಟಣವನ್ನು ಹಿಸುಕಿ ಆಡುವ ಕೂಸಿನ ಕಣ್ಣಿಗೆ ಸುಣ್ಣ ಸಿಡಿದರೆ, ಆಟೋ ಹುಡುಕುವವನೇ ಅಪರಾಧಿ. ಅಲ್ಲೇ, ಆ ನಿಮಿಷವೇ, ಕೊಡದ ನೀರೋ ನಲ್ಲಿ ನೀರೋ ಸಿಕ್ಕ ಶುದ್ಧ ನೀರನ್ನು ಕಣ್ಣಿಗೆ ಸುರಿಯುತ್ತಲೇ ಇರಬೇಕು. ರೆಪ್ಪೆ ಬಿಡಿಸಿ, ಕೂಸು ಕಿರುಚಿದರೂ ಬಿಡದೆ, ಅರ್ಧ ಗಂಟೆಯಾದರೂ. ಆಮೇಲೆ ಆಸ್ಪತ್ರೆ. ಸುಣ್ಣ ನಿಲ್ಲುವುದಿಲ್ಲ, ಇದ್ದಷ್ಟು ಹೊತ್ತೂ ಸುಡುತ್ತಲೇ ಹೋಗುತ್ತದೆ. ಇಲ್ಲಿ ನೆರೆಯವಳ ಒರಟು ಕೈಯೇ ವೈದ್ಯ.

ಬಡವರಿಗೆ ದೂರದ ಕಣ್ಣಿನ ಡಾಕ್ಟರನ್ನು ಬೋಧಿಸುವುದು ಸುಲಭ. ಒಂದು ದಿನದ ಕೂಲಿ, ಬಸ್ಸಿನ ಚಾರ್ಜು, ಜೊತೆಗೆ ಹೋಗುವವರ ಕೂಲಿ ಎಲ್ಲ ಸೇರಿದರೆ ಅಂಗಡಿಯ ಹನಿಯನ್ನು ಆರಿಸಿದ ಗಂಡನನ್ನು ಬೈಯಲು ಮನಸ್ಸು ಬರುವುದಿಲ್ಲ. ಆದರೆ ಈ ತಕರಾರಿಗೆ ನೇಪಾಳದ ಭಕ್ತಪುರದಲ್ಲಿ ಒಂದು ಉತ್ತರ ಸಿಕ್ಕಿದೆ. ಅಲ್ಲಿ ಎರಡು ವರ್ಷ ಹಳ್ಳಿಯವರನ್ನೇ ತರಬೇತಿ ಕೊಟ್ಟು ಕೂರಿಸಿದರು. ಕಣ್ಣಿಗೆ ಏನಾದರೂ ಬಿದ್ದವರು, ತಗುಲಿದವರು ಬಂದರೆ, ಬಣ್ಣದ ಕಾಗದದ ಪಟ್ಟಿಯನ್ನು ರೆಪ್ಪೆಯ ಅಂಚಿಗೆ ತಾಗಿಸಿ, ನೀಲಿ ಟಾರ್ಚು ಬಿಟ್ಟು ನೋಡುವುದು. ಗೀರಿದ್ದರೆ ಹಸಿರಾಗಿ ಹೊಳೆಯುತ್ತದೆ. ಗೀರು ಕಂಡರೆ ಶೇಕಡಾ 1ರ ಕ್ಲೋರಾಂಫೆನಿಕಾಲ್ ಮುಲಾಮು, ದಿನಕ್ಕೆ ಮೂರು ಸಲ, ಮೂರು ದಿನ. 2001ರಲ್ಲಿ ಫಲಿತಾಂಶ ಪ್ರಕಟವಾಯಿತು. ಹೀಗೆ ನೋಡಿಕೊಂಡ 442 ಗೀರುಗಳಲ್ಲಿ 424 ಸೋಂಕಿಲ್ಲದೆ ಮಾಯ್ದಿದ್ದವು. ಗೀರಿದ 18 ಗಂಟೆಯೊಳಗೆ ಬಂದ 284 ಜನರಲ್ಲಿ ಒಬ್ಬರಿಗೂ ಹುಣ್ಣಾಗಲಿಲ್ಲ.

ಔಷಧಿ ಯಾವುದೆಂದು ಓದುಗರು ಗಮನಿಸಿರಬಹುದು. ಮಂಡ್ಯದ ಅಂಗಡಿಯವನು ಕೊಟ್ಟ ಬಾಟಲಿಯಲ್ಲೂ ಅದೇ ಕ್ಲೋರಾಂಫೆನಿಕಾಲ್ ಇತ್ತು. ಭಕ್ತಪುರದ ಸ್ವಯಂಸೇವಕರೂ ಡಾಕ್ಟರಲ್ಲ, ಅಂಗಡಿಯವನೂ ಡಾಕ್ಟರಲ್ಲ. ಅವರು ಕೊಟ್ಟದ್ದೂ ಅಗ್ಗದ್ದು, ಇವನು ಕೊಟ್ಟದ್ದೂ ಅಗ್ಗದ್ದು. ಅಲ್ಲಿ ಗಾಯಗೊಂಡವಳು ಎದುರಿಗೆ ಕೂತಿದ್ದಳು, ಅವಳ ಕಣ್ಣಿಗೆ ಏನಾಯಿತು ಎಂದು ಕೇಳಿ, ಬಗ್ಗಿ ನೋಡಿದ ಮೇಲೆ ಕೈ ಮುಲಾಮಿಗೆ ಹೋಯಿತು. ಸ್ಟಿರಾಯ್ಡ್ ಅವರ ಪೆಟ್ಟಿಗೆಯಲ್ಲಿ ಇರಲೇ ಇಲ್ಲ, ಏಕೆಂದರೆ ಕೆಂಪು ಇಳಿಸುವುದು ಅವರ ಕೆಲಸವಾಗಿರಲಿಲ್ಲ. ನಮ್ಮಲ್ಲಿ ಮನೆಮನೆಗೆ ಹೋಗುವ ಆಶಾ ಕಾರ್ಯಕರ್ತೆಯರಿದ್ದಾರೆ. ಸುಗ್ಗಿಯ ಎರಡು ತಿಂಗಳು ಅವರ ಚೀಲದಲ್ಲಿ ಒಂದು ನೀಲಿ ಟಾರ್ಚು, ಒಂದು ಕಟ್ಟು ಪಟ್ಟಿ, ಹತ್ತು ಟ್ಯೂಬು ಇಟ್ಟರೆ ಎಷ್ಟು ಖರ್ಚಾದೀತು? ಅವರ ಗೌರವಧನ ಹೆಚ್ಚಿಸದೆ ಇನ್ನೊಂದು ಕೆಲಸ ಹೊರಿಸುವುದು ಅನ್ಯಾಯ ಎಂಬುದನ್ನೂ ಒಪ್ಪಿಕೊಂಡೇ ಕೇಳುತ್ತಿದ್ದೇನೆ.

ನಮ್ಮ ಪ್ರಕರಣದ ಹೆಂಗಸಿಗೆ ಈಗ ಉಳಿದಿರುವ ದಾರಿ ಕಾರ್ನಿಯಾ ಕಸಿ. ಡಾಕ್ಟರು ಹೇಳಿದಾಗ ಆಕೆ ಕೇಳಿದ್ದು, "ಅಪ್ಪು ಕಣ್ಣು ಕೊಟ್ರಲ್ಲ, ಅದೇ ಆಪ್ರೇಸನ್ನಾ ಸಾರ್?" ಅದೇ. 2021ರಲ್ಲಿ ಅಪ್ಪು, ಅಂದರೆ ನಟ ಪುನೀತ್ ರಾಜ್‌ಕುಮಾರ್, ತೀರಿಕೊಂಡಾಗ ದಾನವಾದ ಎರಡು ಕಾರ್ನಿಯಾಗಳನ್ನು ಪದರ ಬಿಡಿಸಿ ನಾಲ್ವರಿಗೆ ಹಾಕಿದ್ದರು. ಈಕೆಯ ಕಲೆ ಆಳವಾಗಿರುವುದರಿಂದ ಪೂರ್ತಿ ಬಿಲ್ಲೆಯೇ ಬೇಕಾಗಬಹುದು. ಹಾಕಿದ ಮೇಲೆ ಮೈ ಅದನ್ನು ಪರಕೀಯವೆಂದು ತಿರಸ್ಕರಿಸುವ ಅಪಾಯ ವರ್ಷಗಳ ತನಕ ಇರುತ್ತದೆ. ಕಣ್ಣು ಕೆಂಪಾದರೆ, ಬೆಳಕು ಚುಚ್ಚಿದರೆ, ಮಂಜಾದರೆ, ನೋವು ಬಂದರೆ ಆವತ್ತೇ ಬಸ್ಸು ಹತ್ತಬೇಕು ಎಂದು ಡಾಕ್ಟರು ಬೆರಳು ಮಡಿಸಿ ಹೇಳಿದರು. ತಿರಸ್ಕಾರ ಆಗದಂತೆ ತಿಂಗಳುಗಟ್ಟಲೆ ಹನಿ ಬಿಡಬೇಕು ಎಂದೂ ಹೇಳಿದರು.

"ಯಾವ ಹನಿ ಸಾರ್?"

"ಸ್ಟಿರಾಯ್ಡ್ ಅಂತ."

"ಆ ಅಂಗ್ಡೀಲಿ ಕೊಟ್ನಲ್ಲ, ಆ ಜಾತೀದಾ?"

"ಆ ಜಾತೀದೇ ಅಮ್ಮ. ಈ ಸಲ ನಿಮಗೆ ಅದು ಬೇಕೇ ಬೇಕು. ಆದ್ರೆ ಪ್ರತಿ ಸಲ ಒತ್ತಡ ಅಳೆದು, ಕಣ್ಣು ನೋಡಿ, ಎಷ್ಟು ಬಿಡಬೇಕು ಅಂತ ನಾವು ಹೇಳ್ತೀವಿ."

ಎಷ್ಟು ಸಲ ಬರಬೇಕಾಗುತ್ತದೆ ಎಂದು ಆಕೆ ಕೇಳಿದಳು. ಮೊದಲು ವಾರಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ, ವರ್ಷ ಕಳೆದರೂ ಬಿಡುವಂತಿಲ್ಲ ಎಂದರು. ಬಸ್ಸು ಈಗ ಹೆಂಗಸರಿಗೆ ಪುಕ್ಕಟೆ, ಜೊತೆಗೆ ಬರುವ ಗಂಡನಿಗೆ ಅಲ್ಲ, ಕೂಲಿ ಇಬ್ಬರದೂ ಹೋಗುತ್ತದೆ ಎಂದು ಆಕೆ ಅಲ್ಲೇ ಲೆಕ್ಕ ಹಾಕಿದಳು. ಬೇಸಿಗೆ ಭತ್ತದ ನಾಟಿ ಮುಗಿಸಿಕೊಂಡು ಬಂದು ಹೇಳುತ್ತೇನೆ ಎಂದು ಎದ್ದಳು. ನಾಟಿಗೆ ಹೋಗುವುದಾದರೆ ಕನ್ನಡಕ ಹಾಕಿಕೊಂಡೇ ಹೋಗಿ, ಇನ್ನೊಂದು ಕಣ್ಣು ಇದೆಯಲ್ಲ, ಎಂದು ಡಾಕ್ಟರು ಚೀಟಿಯ ಕೆಳಗೆ ಒಂದು ಬಿಳಿ ಗಾಜಿನ ಕನ್ನಡಕ ಬರೆದುಕೊಟ್ಟರು.